ಸ್ಕೂಲ್ ಡಿಸ್ಟ್ರಿಕ್ಟ್‌ಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿ ಸಾಲದಾಗುತ್ತದೆ: ಬೇ ಏರಿಯಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಕನ್ನಡ ಕ್ಲಾಸಿನ ಹೊರಗೆ ಮಕ್ಕಳಿಗೆ ಕಾಯುವಾಗ, ಯಾರದ್ದೋ ಮನೆಯ ಸತ್ಯನಾರಾಯಣ ಪೂಜೆಯ ಊಟದಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಕೇಳಿಬಂದ ಪ್ರಶ್ನೆಗಳಿವು. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಉತ್ತರಗಳು ಕ್ಯಾಲಿಫೋರ್ನಿಯಾದ ಮಟ್ಟಿಗೆ. ಬೇರೆ ರಾಜ್ಯದಲ್ಲಿ ಲೆಕ್ಕವೇ ಬೇರೆ.

## ಹೊಸದಾಗಿ ಬಂದವರು ಕೇಳುವುದು

ಸ್ಕೂಲ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಕಡೆ ಬಿಇಒ ಆಫೀಸ್ ಇದ್ದ ಹಾಗೇನಾ?

ಅಲ್ಲ. ಬಿಇಒ ರಾಜ್ಯ ಸರ್ಕಾರದ ಅಧಿಕಾರಿ, ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಇಲ್ಲಿ ಡಿಸ್ಟ್ರಿಕ್ಟ್ ಅನ್ನುವುದೇ ಒಂದು ಸಣ್ಣ ಸರ್ಕಾರ. ಜನ ಆರಿಸಿದ ಐದು ಅಥವಾ ಏಳು ಜನರ ಬೋರ್ಡ್, ಅದರದ್ದೇ ಬಜೆಟ್, ಅದರದ್ದೇ ಸಾಲ. ಊರಿನ ಮೇಯರ್‌ಗೂ ಅದಕ್ಕೂ ಸಂಬಂಧವಿಲ್ಲ. ಇಂಥವು ಕ್ಯಾಲಿಫೋರ್ನಿಯಾದಲ್ಲಿ 900ಕ್ಕೂ ಹೆಚ್ಚು, ದೇಶದಲ್ಲಿ ಸುಮಾರು 13,000 ಇವೆ. ಹವಾಯಿಯಲ್ಲಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ.

ಊರಿನ ಗಡಿಗೂ ಡಿಸ್ಟ್ರಿಕ್ಟ್ ಗಡಿಗೂ ತಾಳೆಯಾಗುವುದಿಲ್ಲ. ಒಂದೇ ಮನೆ ಎರಡು ಡಿಸ್ಟ್ರಿಕ್ಟ್‌ಗೆ ಸೇರಿರಬಹುದು. ಕ್ಯುಪರ್ಟಿನೋದ ಹೆಚ್ಚಿನ ಮನೆಗಳಿಗೆ ಎಂಟನೇ ಕ್ಲಾಸಿನವರೆಗೆ ಕ್ಯುಪರ್ಟಿನೋ ಯೂನಿಯನ್, ಆಮೇಲೆ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಈ ಎರಡನೆಯದಕ್ಕೂ ಫ್ರೀಮಾಂಟ್ ಊರಿಗೂ ಏನೂ ಸಂಬಂಧವಿಲ್ಲ. ಮನೆ ಹುಡುಕುವಾಗ ಈ ಹೆಸರು ನೋಡಿ ಗಲಿಬಿಲಿ ಆಗುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ನಾವು ಎಚ್-1ಬಿಯಲ್ಲಿದ್ದೇವೆ. ಮಗುವಿಗೆ ಫೀಸ್ ಕಟ್ಟಬೇಕಾ? ವೀಸಾ ಕೇಳ್ತಾರಾ?

ಫೀಸ್ ಇಲ್ಲ. ಅದೇ ಡಿಸ್ಟ್ರಿಕ್ಟ್‌ನಲ್ಲಿ ವಾಸ ಇದ್ದೀರಿ ಅನ್ನುವುದಕ್ಕೆ ಬಾಡಿಗೆ ಕರಾರು, ಕರೆಂಟ್ ಬಿಲ್ ಇಂಥದ್ದು ಕೇಳುತ್ತಾರೆ, ಅಷ್ಟೇ. ದಾಖಲೆ ಇಲ್ಲದೆ ದೇಶದಲ್ಲಿರುವ ಮಕ್ಕಳಿಗೂ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರ ಪ್ಲೈಲರ್ ವಿರುದ್ಧ ಡೋ ಪ್ರಕರಣದಲ್ಲಿ ಹೇಳಿದೆ.

ಬಾಡಿಗೆ ಮನೆಯಲ್ಲಿದ್ದೇವೆ, ಆಸ್ತಿ ತೆರಿಗೆ ಕಟ್ಟಲ್ಲ. ಮೀಟಿಂಗ್‌ನಲ್ಲಿ ಪ್ರಶ್ನೆ ಕೇಳಿದ್ರೆ ತಪ್ಪಾಗಲ್ವಾ?

ಮನೆ ಮಾಲೀಕ ತೆರಿಗೆ ಕಟ್ಟುವುದು ನಿಮ್ಮ ಬಾಡಿಗೆಯಿಂದಲೇ. ರಾಜ್ಯದ ಆದಾಯ ತೆರಿಗೆ ಹೇಗೂ ನಿಮ್ಮ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ, ಅದರಲ್ಲೂ ಶಾಲೆಯ ಪಾಲಿದೆ. ಸಂಕೋಚ ಬಿಡಿ.

ಸರ್ಕಾರಿ ಶಾಲೆ ಫ್ರೀ ಅಂತಾರೆ. ಆಮೇಲೆ ಮಗುವಿಗೆ ಇಷ್ಟು ಡಾಲರ್ ಅಂತ ಫೌಂಡೇಶನ್‌ನಿಂದ ಇಮೇಲ್ ಬರುತ್ತೆ. ಕೊಡಲೇಬೇಕಾ?

ಬೇಡ. ಶಾಲೆ ಉಚಿತವಾಗಿರಬೇಕು ಎಂದು ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಇದೆ. ನಾಟಕ, ಸಂಗೀತ, ಕ್ರೀಡೆಗೂ ಫೀಸ್ ವಸೂಲಿ ಮಾಡುವ ಹಾಗಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1984ರಲ್ಲಿ ಹಾರ್ಟ್‌ಜೆಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹಾಗಾಗಿ ಶಾಲೆಗೆ ದುಡ್ಡೆತ್ತುವ ಫೌಂಡೇಶನ್ ಕೇಳುವುದು ದೇಣಿಗೆ ಮಾತ್ರ. ಕೊಡದಿದ್ದರೆ ಮಗುವಿಗೆ ಏನೂ ತಪ್ಪಿಸುವಂತಿಲ್ಲ.

ಕೊಡುವವರು ಕಂಪನಿಯ ಮ್ಯಾಚಿಂಗ್ ಅರ್ಜಿ ಹಾಕುವುದನ್ನು ಮರೆಯಬೇಡಿ. ಅನೇಕ ಟೆಕ್ ಕಂಪನಿಗಳು ನೀವು ಕೊಟ್ಟಷ್ಟನ್ನೇ ತಾವೂ ಸೇರಿಸುತ್ತವೆ. ಒಂದು ಮಾತು ಮಾತ್ರ ಹೇಳಲೇಬೇಕು: ಅನುಕೂಲಸ್ಥ ಊರಿನ ಫೌಂಡೇಶನ್ ಎತ್ತುವ ದುಡ್ಡು ಬಡವರ ಬಡಾವಣೆಯ ಶಾಲೆಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಸಂಗೀತದ ಮೇಷ್ಟ್ರು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

## ದುಡ್ಡು ಬರುವ ದಾರಿ

ದುಡ್ಡು ಕೊಡೋರು ಯಾರು? ವಾಷಿಂಗ್ಟನ್ನಾ, ಸ್ಯಾಕ್ರಮೆಂಟೋನಾ, ನಾವಾ?

ಮೂವರೂ. ವಾಷಿಂಗ್ಟನ್ ಪಾಲು ಎಲ್ಲಕ್ಕಿಂತ ಕಡಿಮೆ, ಸಾಮಾನ್ಯ ವರ್ಷದಲ್ಲಿ ಹತ್ತನೇ ಒಂದು ಭಾಗದ ಆಸುಪಾಸು. ಉಳಿದದ್ದು ಸ್ಯಾಕ್ರಮೆಂಟೋದಿಂದ, ಅಂದರೆ ರಾಜ್ಯದ ರಾಜಧಾನಿಯಿಂದ, ಬರುವ ರಾಜ್ಯದ ತೆರಿಗೆ ಮತ್ತು ಸ್ಥಳೀಯ ಆಸ್ತಿ ತೆರಿಗೆ.

ಮೊದಲು ಹೀಗಿರಲಿಲ್ಲ. ಊರಿನ ಆಸ್ತಿ ತೆರಿಗೆಯೇ ಶಾಲೆಯ ಮುಖ್ಯ ಆಧಾರವಾಗಿತ್ತು. 1968-69ರಲ್ಲಿ ಬೆವರ್ಲಿ ಹಿಲ್ಸ್ ಒಂದು ಮಗುವಿಗೆ 1,231 ಡಾಲರ್ ಖರ್ಚು ಮಾಡುತ್ತಿತ್ತು, ಅದೇ ಲಾಸ್ ಏಂಜಲೀಸ್ ಕೌಂಟಿಯ ಬಾಲ್ಡ್‌ವಿನ್ ಪಾರ್ಕ್ 577 ಡಾಲರ್. ತಮಾಷೆ ಏನೆಂದರೆ ಬಾಲ್ಡ್‌ವಿನ್ ಪಾರ್ಕ್‌ನವರ ತೆರಿಗೆ ದರ ಬೆವರ್ಲಿ ಹಿಲ್ಸ್‌ನ ಎರಡರಷ್ಟಕ್ಕಿಂತ ಜಾಸ್ತಿ ಇತ್ತು. ಜಾಸ್ತಿ ದರದಲ್ಲಿ ಕಟ್ಟಿ ಕಡಿಮೆ ಪಡೆಯುತ್ತಿದ್ದರು. 1971ರ ಸೆರಾನೋ ವಿರುದ್ಧ ಪ್ರೀಸ್ಟ್ ತೀರ್ಪಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದು ನಡೆಯುವುದಿಲ್ಲ ಎಂದಿತು. ಅಲ್ಲಿಂದ ಶಾಲೆಯ ದುಡ್ಡಿನ ಹಿಡಿತ ಮೆಲ್ಲಗೆ ಊರಿನಿಂದ ಸ್ಯಾಕ್ರಮೆಂಟೋಗೆ ಸರಿಯಿತು.

ಈಗಿನ ಸೂತ್ರ 2013ರದ್ದು, ಜೆರ್ರಿ ಬ್ರೌನ್ ಗವರ್ನರ್ ಆಗಿದ್ದಾಗ ಬಂದದ್ದು. ಹೆಸರು ಎಲ್‌ಸಿಎಫ್ಎಫ್ (ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ). ಪ್ರತಿ ಮಗುವಿಗೆ ಒಂದು ಮೂಲ ಮೊತ್ತ: 2023-24ರಲ್ಲಿ ನಾಲ್ಕರಿಂದ ಆರನೇ ಕ್ಲಾಸಿಗೆ ಸುಮಾರು 10,000 ಡಾಲರ್, ಹೈಸ್ಕೂಲಿಗೆ ಸುಮಾರು 12,000. ಬಡ ಕುಟುಂಬದ ಮಕ್ಕಳು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು, ಫಾಸ್ಟರ್ ಮನೆಯಲ್ಲಿ (ಹೆತ್ತವರ ಬದಲು ಸರ್ಕಾರ ಒಪ್ಪಿಸಿದ ಕುಟುಂಬದಲ್ಲಿ) ಇರುವವರು ಇದ್ದರೆ ಅದರ ಮೇಲೆ ಶೇ 20 ಜಾಸ್ತಿ. ಅಂಥ ಮಕ್ಕಳು ಶೇ 55 ದಾಟಿದರೆ ಇನ್ನೂ ಜಾಸ್ತಿ.

ಪಕ್ಕದ ಮನೆ ಅಜ್ಜ ನಾವು ಕಟ್ಟೋದರಲ್ಲಿ ಕಾಲು ಭಾಗಾನೂ ತೆರಿಗೆ ಕಟ್ಟಲ್ಲ. ಮನೆ ಒಂದೇ ಅಳತೆ. ಇದೆಂಥ ನ್ಯಾಯ?

1978ರ ಜೂನ್‌ನಲ್ಲಿ ಜನರೇ ವೋಟು ಹಾಕಿ ತಂದ ಪ್ರೊಪೊಸಿಷನ್ 13ರ ನ್ಯಾಯ. ಮೂಲ ತೆರಿಗೆ ಮನೆಯ ಬೆಲೆಯ ಶೇ 1 ಮೀರಬಾರದು. ಆ ಬೆಲೆಯನ್ನು ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಿಸಬಾರದು. ಮನೆ ಮಾರಾಟವಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಹೊಸ ಬೆಲೆ ಲೆಕ್ಕಕ್ಕೆ ಬರುತ್ತದೆ. 20 ಲಕ್ಷ ಡಾಲರ್‌ಗೆ ಮನೆ ಕೊಂಡ ನೀವು ವರ್ಷಕ್ಕೆ 20,000 ಡಾಲರ್‌ನಿಂದ ಶುರು ಮಾಡುತ್ತೀರಿ. ಎಪ್ಪತ್ತರ ದಶಕದಲ್ಲಿ ಕೊಂಡವರ ಲೆಕ್ಕ ಇನ್ನೂ ಆ ಕಾಲದ ಬೆಲೆಯ ಮೇಲೇ ನಿಂತಿದೆ. ಪಿಂಚಣಿಯಲ್ಲಿ ಬದುಕುವ ವಯಸ್ಸಾದವರು ತೆರಿಗೆ ಕಟ್ಟಲಾಗದೆ ಮನೆ ಬಿಡಬಾರದು ಅನ್ನುವುದು ಅಂದಿನ ವಾದ. ಅದು ಸುಳ್ಳಲ್ಲ. ಆದರೆ ಇದೇ ರಿಯಾಯಿತಿ ದೊಡ್ಡ ಕಂಪನಿಗಳ ಜಾಗಕ್ಕೂ ಸಿಗುತ್ತದೆ. ಅದನ್ನು ತೆಗೆಯಲು ಹೊರಟ ಪ್ರೊಪೊಸಿಷನ್ 15 ಸಣ್ಣ ಅಂತರದಲ್ಲಿ 2020ರಲ್ಲಿ ಸೋತಿತು.

ಆಪಲ್ ಊರಲ್ಲೇ ಇದೆ, ಒಂದೊಂದು ಮನೆಗೂ ಲಕ್ಷಗಟ್ಟಲೆ ಡಾಲರ್. ಶಾಲೆಗೆ ಮಾತ್ರ ದುಡ್ಡಿಲ್ಲ ಅಂದ್ರೆ ನಂಬೋದು ಹೇಗೆ?

ನನಗೆ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಇದು ಅರ್ಥವಾದರೆ ಉಳಿದ ಅರ್ಧ ತಾನಾಗಿ ಅರ್ಥವಾಗುತ್ತದೆ.

ಡಿಸ್ಟ್ರಿಕ್ಟ್‌ಗೆ ಇಷ್ಟು ಸಿಗಬೇಕು ಎಂದು ರಾಜ್ಯ ಮೊದಲು ಒಟ್ಟು ಮೊತ್ತ ಕಟ್ಟುತ್ತದೆ. ಅದರಲ್ಲಿ ಊರಿನ ಆಸ್ತಿ ತೆರಿಗೆ ಎಷ್ಟು ಬಂತೋ ಅಷ್ಟನ್ನು ಕಳೆದು, ಬಾಕಿಯನ್ನು ತಾನು ತುಂಬುತ್ತದೆ. ಊರಿನಲ್ಲಿ ಹೊಸ ಆಫೀಸು ಎದ್ದು ತೆರಿಗೆ ಹತ್ತು ಲಕ್ಷ ಜಾಸ್ತಿ ಬಂತು ಅಂದುಕೊಳ್ಳಿ. ರಾಜ್ಯ ತನ್ನ ಪಾಲಿನಲ್ಲಿ ಹತ್ತು ಲಕ್ಷ ಕಡಿಮೆ ಕೊಡುತ್ತದೆ. ಶಾಲೆಯ ಕೈಗೆ ಬರುವುದು ಅಷ್ಟೇ. ಮನೆಯ ಬೆಲೆಗೂ ಶಾಲೆಯ ಬಜೆಟ್‌ಗೂ ಇದ್ದ ನೇರ ನಂಟು ಇಲ್ಲೇ ಕಡಿದುಹೋಗುತ್ತದೆ. ಮೇಲಾಗಿ ನಮ್ಮಂಥವರ ಮಕ್ಕಳಿಗೆ ಹೆಚ್ಚುವರಿ ಶೇ 20 ಸಿಗುವುದು ಕಡಿಮೆ. ಹಾಗಾಗಿ ಅನುಕೂಲಸ್ಥ ಊರಿನ ಡಿಸ್ಟ್ರಿಕ್ಟ್‌ಗೆ ತಲಾ ಮೊತ್ತ ರಾಜ್ಯದಲ್ಲೇ ಕೆಳಗಿನ ಸಾಲಿನಲ್ಲಿರಬಹುದು.

ಕೆಲವು ಡಿಸ್ಟ್ರಿಕ್ಟ್‌ಗಳ ಆಸ್ತಿ ತೆರಿಗೆ ರಾಜ್ಯ ಕಟ್ಟಿದ ಮೊತ್ತವನ್ನೇ ಮೀರುತ್ತದೆ. ಮೀರಿದ್ದೆಲ್ಲ ಅವರದ್ದೇ. ಇವನ್ನು 'ಬೇಸಿಕ್ ಏಡ್' ಅಥವಾ 'ಕಮ್ಯುನಿಟಿ ಫಂಡೆಡ್' ಅನ್ನುತ್ತಾರೆ. ಪಾಲೋ ಆಲ್ಟೋ ಹೀಗೆ. ಕ್ಯುಪರ್ಟಿನೋ ಯೂನಿಯನ್ ಶಾಲೆ ಮುಚ್ಚುವ ಚರ್ಚೆ ನಡೆಸುತ್ತಿದ್ದ ಹೊತ್ತಿಗೆ ಅದು ರಾಜ್ಯದ ಸೂತ್ರದ ಮೇಲೆ ನಿಂತಿತ್ತು. ಅದೇ ಮನೆಗಳ ಮಕ್ಕಳು ಮುಂದೆ ಸೇರುವ ಹೈಸ್ಕೂಲ್ ಡಿಸ್ಟ್ರಿಕ್ಟ್ ಮಾತ್ರ ಕಮ್ಯುನಿಟಿ ಫಂಡೆಡ್ ಆಗಿತ್ತು. ಒಂದೇ ಬೀದಿ, ಒಂದೇ ತೆರಿಗೆ ಬಿಲ್, ಎರಡು ಹಣೆಬರಹ.

ಲಾಟರಿ ದುಡ್ಡೆಲ್ಲ ಶಾಲೆಗೇ ಅಲ್ವಾ?

1984ರಲ್ಲಿ ಲಾಟರಿಗೆ ವೋಟು ಕೇಳುವಾಗ ಹಾಗೆ ಅನಿಸುವಂತೆ ಹೇಳಿದ್ದರು. ಶಾಲೆಯ ಬಜೆಟ್‌ನಲ್ಲಿ ಅದರ ಪಾಲು ಶೇ 1-2ರ ಸುತ್ತಮುತ್ತ.

ಡಿಸೆಂಬರ್‌ನಲ್ಲಿ ಊರಿಗೆ ಹೋಗೋದಕ್ಕೂ ಡಿಸ್ಟ್ರಿಕ್ಟ್ ಬಜೆಟ್‌ಗೂ ಏನು ಸಂಬಂಧ?

ನೇರ ಸಂಬಂಧ. ಕ್ಯಾಲಿಫೋರ್ನಿಯಾ ದುಡ್ಡು ಕೊಡುವುದು ದಾಖಲಾದ ಮಕ್ಕಳ ಲೆಕ್ಕಕ್ಕಲ್ಲ, ದಿನಾ ಹಾಜರಾದ ಮಕ್ಕಳ ಸರಾಸರಿಗೆ. ಮೂಲ ಮೊತ್ತ 10,000, ಶಾಲೆಯ ದಿನ 180. ದಿನಕ್ಕೆ ಸುಮಾರು 55 ಡಾಲರ್ ಆಯಿತು. ರಜೆಯ ಹಿಂದೆ ಮುಂದೆ ಸೇರಿಸಿ ಹತ್ತು ದಿನ ತಪ್ಪಿಸಿದರೆ 550 ಡಾಲರ್. ಮಗುವಿನ ಸೀಟು, ಟೀಚರ್ ಸಂಬಳ, ಹೀಟರ್ ಬಿಲ್ ಏನೂ ಕಡಿಮೆಯಾಗಿರುವುದಿಲ್ಲ. ನಮ್ಮವರು ಜಾಸ್ತಿ ಇರುವ ಶಾಲೆಗಳಲ್ಲಿ ಜನವರಿಯ ಮೊದಲ ವಾರದ ಹಾಜರಿ ಪುಸ್ತಕ ನೋಡಿದರೆ ಗೊತ್ತಾಗುತ್ತದೆ.

ಹೋಗಬೇಡಿ ಅಂತ ಹೇಳುತ್ತಿಲ್ಲ. ಅಜ್ಜಿಯ ಮನೆ, ಜಾತ್ರೆ, ಮದುವೆ ಇವೆಲ್ಲ ಮಕ್ಕಳಿಗೆ ಬೇಕು. ಆದರೆ ಹೊರಡುವ ಮೊದಲೇ ಶಾಲೆಯಲ್ಲಿ 'ಇಂಡಿಪೆಂಡೆಂಟ್ ಸ್ಟಡಿ' ಒಪ್ಪಂದ ಕೇಳಿ. ಟೀಚರ್ ಕೊಟ್ಟ ಪಾಠ ಮುಗಿಸಿ ತಂದುಕೊಟ್ಟರೆ ಆ ದಿನಗಳ ಹಾಜರಿ ಲೆಕ್ಕಕ್ಕೆ ಸಿಗುತ್ತದೆ. ವಿಮಾನ ಹತ್ತುವವರೆಗೆ ಕಾಯಬೇಡಿ. ಪ್ರವಾಸದ ರಜೆಯನ್ನು ಶಾಲೆ ಕಾನೂನಿನ ಪ್ರಕಾರ ಒಪ್ಪುವ ಕಾರಣ ಅಂತ ತೆಗೆದುಕೊಳ್ಳುವುದಿಲ್ಲ. ಅಂಥ ಮೂರು ದಿನ ಆದರೆ 'ಟ್ರೂಯನ್ಸಿ', ಅಂದರೆ ಒಪ್ಪುವ ಕಾರಣವಿಲ್ಲದ ಗೈರುಹಾಜರಿಯ, ಪತ್ರ ಬರುತ್ತದೆ. ಅದು ಪೊಲೀಸ್ ನೋಟಿಸ್ ಅಲ್ಲ, ಗಾಬರಿ ಬೇಡ. ಬೇಸಿಕ್ ಏಡ್ ಡಿಸ್ಟ್ರಿಕ್ಟ್‌ನಲ್ಲಿ ಹಾಜರಿಯಿಂದ ದುಡ್ಡು ಅಷ್ಟಾಗಿ ಏರುಪೇರಾಗುವುದಿಲ್ಲ, ಆದರೆ ಹಾಜರಿ ನಿಯಮ ಅದೇ.

## ಕಡಿತ, ಬೀಗ, ವೋಟು

ಕ್ಯುಪರ್ಟಿನೋದಲ್ಲಿ ಒಳ್ಳೆ ಹೆಸರಿದ್ದ ಶಾಲೆಗಳನ್ನೇ ಯಾಕೆ ಮುಚ್ಚಿದ್ರು?

ಮಕ್ಕಳು ಕಡಿಮೆಯಾದರು. ರಾಜ್ಯದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಎರಡು ಸಾವಿರದ ದಶಕದ ನಡುವಿನಲ್ಲಿ 63 ಲಕ್ಷದ ಹತ್ತಿರ ಇದ್ದರು, 2023-24ಕ್ಕೆ 58 ಲಕ್ಷದ ಹತ್ತಿರಕ್ಕೆ ಇಳಿದರು. ಹುಟ್ಟುವ ಮಕ್ಕಳೂ ಕಡಿಮೆ, ರಾಜ್ಯ ಬಿಟ್ಟು ಹೋಗುವವರೂ ಇದ್ದಾರೆ. ಬೇ ಏರಿಯಾದಲ್ಲಿ ಮನೆ ಬೆಲೆಯೂ ಸೇರಿಕೊಳ್ಳುತ್ತದೆ. ಪುಟ್ಟ ಮಕ್ಕಳಿರುವ ದಂಪತಿಗೆ ಅಲ್ಲಿ ಮನೆ ಕೊಳ್ಳಲಾಗುವುದಿಲ್ಲ. ಮಕ್ಕಳು ದೊಡ್ಡವರಾಗಿ ಹೊರಟುಹೋದ, ಹಳೆಯ ಕಡಿಮೆ ತೆರಿಗೆ ಇರುವ ಮನೆಗಳನ್ನು ಹಿರಿಯರು ಮಾರುವುದೂ ಕಡಿಮೆ. ಬೀದಿ ತುಂಬಾ ಮನೆ, ಶಾಲೆಗೆ ಮಕ್ಕಳಿಲ್ಲ.

ಮೇಯರ್‌ಹೋಲ್ಜ್ ಮತ್ತು ರೆಗ್ನಾರ್ಟ್ ಶಾಲೆಗಳು 2021-22ರ ಸಾಲು ಮುಗಿದ ಮೇಲೆ ಮುಚ್ಚಿದವು. ಅಂಕಪಟ್ಟಿ ಚೆನ್ನಾಗಿದೆ ಅನ್ನುವುದು ಇಂಥ ತೀರ್ಮಾನದಲ್ಲಿ ಹೆಚ್ಚು ತೂಗುವುದಿಲ್ಲ. 300 ಮಕ್ಕಳಿಗೂ 600 ಮಕ್ಕಳಿಗೂ ಪ್ರಿನ್ಸಿಪಾಲ್ ಒಬ್ಬರೇ, ಆಫೀಸು ಒಂದೇ, ಛಾವಣಿ ರಿಪೇರಿಯೂ ಒಂದೇ. ಆದರೂ ಶಾಲೆ ಮುಚ್ಚಿದರೆ ಜನ ಅಂದುಕೊಂಡಷ್ಟು ಉಳಿತಾಯ ಆಗುವುದಿಲ್ಲ, ಏಕೆಂದರೆ ಮಕ್ಕಳ ಹಿಂದೆ ಟೀಚರ್‌ಗಳೂ ಪಕ್ಕದ ಶಾಲೆಗೆ ಹೋಗುತ್ತಾರೆ. ಬೋರ್ಡ್ ಮುಂದೆ ಉಳಿತಾಯದ ಚೀಟಿ ಬಂದಾಗ ಅದನ್ನೇ ಮೊದಲು ಕೇಳಬೇಕು.

ಹೊಸ ಜಿಮ್ ಕಟ್ಟೋಕೆ ಕೋಟಿಗಟ್ಟಲೆ ಇದೆ, ಲೈಬ್ರರಿ ನೋಡಿಕೊಳ್ಳೋರಿಗೆ ಸಂಬಳ ಇಲ್ವಾ?

ಎರಡೂ ಬೇರೆ ಬೇರೆ ಡಬ್ಬಿಯ ದುಡ್ಡು. ಜಿಮ್ ಬರುವುದು ಬಾಂಡ್‌ನಿಂದ. ಬಾಂಡ್ ಅಂದರೆ ಸಾಲ, ಅದು ಕಟ್ಟಡಕ್ಕೆ ಮತ್ತು ಸಲಕರಣೆಗೆ ಮಾತ್ರ. ಸಂಬಳಕ್ಕೆ ಒಂದು ಡಾಲರ್ ತೆಗೆದರೂ ಕಾನೂನು ಮುರಿದ ಹಾಗೆ. 2000ದ ಪ್ರೊಪೊಸಿಷನ್ 39ರಿಂದ ಶೇ 55 ವೋಟು ಬಂದರೆ ಬಾಂಡ್ ಪಾಸಾಗುತ್ತದೆ, ಜತೆಗೆ ಖರ್ಚು ನೋಡಲು ನಾಗರಿಕರ ಸಮಿತಿ ಇರಬೇಕು. ಆ ಸಮಿತಿಗೆ ಜನ ಸಿಗದೆ ಡಿಸ್ಟ್ರಿಕ್ಟ್‌ಗಳು ಪರದಾಡುತ್ತವೆ. ಸಿವಿಲ್ ಎಂಜಿನಿಯರಿಂಗ್ ಓದಿ ಇಲ್ಲಿ ಸಾಫ್ಟ್‌ವೇರ್ ಮಾಡುತ್ತಿರುವ ನಮ್ಮವರು ಎಷ್ಟೋ ಜನ ಇದ್ದಾರೆ, ಸುಮ್ನೆ ಅರ್ಜಿ ಹಾಕಿ ನೋಡಿ.

ಪಾರ್ಸೆಲ್ ಟ್ಯಾಕ್ಸ್ ಕಟ್ಟೋದು ನಾವೂ, ಆದ್ರೆ ಗ್ರೀನ್ ಕಾರ್ಡ್ ಸಾಲಲ್ಲಿ ನಿಂತು ವೋಟಿಲ್ಲ. ಏನು ಮಾಡೋದು?

ಪಾರ್ಸೆಲ್ ಟ್ಯಾಕ್ಸ್ ಸಂಬಳಕ್ಕೂ ಬಳಸಬಹುದಾದ ಊರಿನ ತೆರಿಗೆ. ಸಾಮಾನ್ಯವಾಗಿ ಮನೆ ದೊಡ್ಡದಿರಲಿ ಚಿಕ್ಕದಿರಲಿ, ಒಂದು ಆಸ್ತಿಗೆ ಇಷ್ಟು ಅಂತ. ಬೋರ್ಡ್ ಮುಂದಿಡುವ ಪ್ರಸ್ತಾಪಕ್ಕೆ ಮೂರರಲ್ಲಿ ಎರಡು ಪಾಲು ವೋಟು ಬೇಕು. ಇದು ಬಲು ಎತ್ತರದ ಗೆರೆ. 2021ರ ಮೇನಲ್ಲಿ ಕ್ಯುಪರ್ಟಿನೋ ಯೂನಿಯನ್ ಕೇಳಿದ 398 ಡಾಲರ್‌ನ ಪಾರ್ಸೆಲ್ ಟ್ಯಾಕ್ಸ್ ಈ ಗೆರೆ ಮುಟ್ಟದೆ ಬಿತ್ತು. ಶಾಲೆ ಮುಚ್ಚುವ ತೀರ್ಮಾನ ಬಂದದ್ದು ಅದೇ ವರ್ಷ.

ವೋಟು ಪ್ರಜೆಗಳಿಗೆ ಮಾತ್ರ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರಜೆಗಳಲ್ಲದ ತಂದೆ ತಾಯಿಗೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ವೋಟು ಹಾಕಲು 2016ರಲ್ಲಿ ಜನ ಒಪ್ಪಿದ್ದಾರೆ. ಆದರೆ ಪೌರತ್ವಕ್ಕೆ ಅರ್ಜಿ ಹಾಕುವವರು ಹಾಗೆ ಹಾಕುವ ಮೊದಲು ವಕೀಲರನ್ನು ಕೇಳುವುದು ಒಳ್ಳೆಯದು. ವೋಟಿಲ್ಲದವರಿಗೆ ಉಳಿದಿರುವ ದಾರಿ ಕಡಿಮೆಯೇನಲ್ಲ: ಬೋರ್ಡ್ ಮುಂದೆ ಮಾತಾಡಬಹುದು, ಪೋಷಕರು, ಟೀಚರ್‌ಗಳು ಇರುವ ಶಾಲೆಯ ಸೈಟ್ ಕೌನ್ಸಿಲ್‌ನಲ್ಲಿ ಕೂರಬಹುದು. ವೀಸಾ ಯಾರೂ ಕೇಳುವುದಿಲ್ಲ. ಎದುರು ಮನೆಯವರಿಗೆ ವೋಟಿದೆ, ಅವರ ಹತ್ತಿರ ಮಾತಾಡಿ. ಮಕ್ಕಳು ಶಾಲೆ ಮುಗಿಸಿದವರ ವೋಟೇ ಈ ಚುನಾವಣೆಗಳಲ್ಲಿ ಗೆಲುವು ಸೋಲು ತೀರ್ಮಾನಿಸುತ್ತದೆ.

ಕೋವಿಡ್ ಟೈಮಲ್ಲಿ ಅಷ್ಟೊಂದು ದುಡ್ಡು ಬಂತಲ್ಲ, ಎಲ್ಲಿ ಹೋಯ್ತು?

2020 ಮತ್ತು 2021ರಲ್ಲಿ ಮೂರು ಕಂತಿನಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ದೇಶದ ಶಾಲೆಗಳಿಗೆ ಸುಮಾರು 19,000 ಕೋಟಿ ಡಾಲರ್ ಕೊಟ್ಟಿತು. ಕೊನೆಯ ಕಂತನ್ನು 2024ರ ಸೆಪ್ಟೆಂಬರ್ 30ರೊಳಗೆ ಯಾವುದಕ್ಕೆ ಅಂತ ಗೊತ್ತು ಮಾಡಿರಬೇಕಿತ್ತು. ಏರ್ ಫಿಲ್ಟರ್, ಲ್ಯಾಪ್‌ಟಾಪ್ ಕೊಂಡವರಿಗೆ ತೊಂದರೆಯಾಗಲಿಲ್ಲ. ಆಪ್ತ ಸಮಾಲೋಚಕರನ್ನು, ಹೆಚ್ಚುವರಿ ಟೀಚರ್‌ಗಳನ್ನು ಆ ದುಡ್ಡಿನಲ್ಲಿ ಕಾಯಂ ಮಾಡಿಕೊಂಡವರು ಸಿಕ್ಕಿಬಿದ್ದರು. ಒಂದು ವರ್ಷದ ಬೋನಸ್ ನಂಬಿ ಐದು ವರ್ಷದ ಕಂತಿನ ಕಾರು ತೆಗೆದುಕೊಂಡ ಹಾಗಾಯಿತು. ಅದೇ ಹೊತ್ತಿಗೆ ರಾಜ್ಯ ಕೊಡುವ ಬೆಲೆಯೇರಿಕೆ ಹೆಚ್ಚಳವೂ ಕುಸಿಯಿತು: 2023-24ರಲ್ಲಿ ಶೇ 8.22 ಇದ್ದದ್ದು ಮುಂದಿನ ವರ್ಷ ಶೇ 1.07.

ಮಗಳ ಟೀಚರ್‌ಗೆ ಮಾರ್ಚ್‌ನಲ್ಲಿ ಪಿಂಕ್ ಸ್ಲಿಪ್ ಬಂತು. ಮೇನಲ್ಲಿ ವಾಪಸ್ ತಗೊಂಡ್ರು. ಇದೇನು ಆಟ?

ಮುಂದಿನ ವರ್ಷ ಟೀಚರ್ ಕೆಲಸ ಹೋಗಬಹುದು ಎಂದರೆ ಮಾರ್ಚ್ 15ರೊಳಗೆ ನೋಟಿಸ್ ಕೊಡಲೇಬೇಕು ಎಂದು ಕಾನೂನು. ರಾಜ್ಯದ ಬಜೆಟ್ ಪಾಸಾಗುವುದು ಜೂನ್‌ನಲ್ಲಿ. ದುಡ್ಡೆಷ್ಟು ಅಂತ ಗೊತ್ತಾಗುವ ಮೊದಲೇ ಡಿಸ್ಟ್ರಿಕ್ಟ್ ಕೈಕಾಲು ಬಿಟ್ಟು ಜಾಸ್ತಿ ಜನಕ್ಕೆ ನೋಟಿಸ್ ಕೊಟ್ಟುಬಿಡುತ್ತದೆ, ಆಮೇಲೆ ಹಲವರದ್ದನ್ನು ವಾಪಸ್ ಪಡೆಯುತ್ತದೆ. ಸೇವೆ ಕಡಿಮೆ ಇರುವವರಿಗೆ ಮೊದಲು ಬರುವುದರಿಂದ ಹೊಸ ಟೀಚರ್‌ಗಳು ಅಷ್ಟರಲ್ಲಿ ಬೇರೆ ಕಡೆ ಕೆಲಸ ಹುಡುಕಿಕೊಂಡಿರುತ್ತಾರೆ. ನನ್ನ ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಅತಿ ಪೆದ್ದು ನಿಯಮ ಇದೇ.

ಫೆಡರಲ್ ಶಿಕ್ಷಣ ಇಲಾಖೆ ಮುಚ್ತೀವಿ ಅಂತಿದ್ದಾರೆ. ನಮ್ಮ ಶಾಲೆ ಕಥೆ?

ಶಾಲೆ ಮುಚ್ಚುವುದಿಲ್ಲ. ಆ ಇಲಾಖೆಯನ್ನು ಕಾನೂನಿನಿಂದ ರದ್ದು ಮಾಡಲು ಕಾಂಗ್ರೆಸ್ ಒಪ್ಪಬೇಕು. ಪೆಟ್ಟು ಬೀಳುವುದು ಬಡ ಮಕ್ಕಳ ಶಾಲೆಗಳಿಗೆ ಬರುವ 'ಟೈಟಲ್ 1' ದುಡ್ಡು ಮತ್ತು ವಿಶೇಷ ಶಿಕ್ಷಣದ ದುಡ್ಡು ತಡವಾದರೆ. 2025ರ ಜುಲೈನಲ್ಲಿ ಕೆಲವು ವಾರ ನೂರಾರು ಕೋಟಿ ಡಾಲರ್ ತಡೆಹಿಡಿದು ಆಮೇಲೆ ಬಿಟ್ಟಾಗ ಬೇಸಿಗೆ ಕ್ಲಾಸುಗಳ ಯೋಜನೆ ಹಲವು ಕಡೆ ಅಲ್ಲಾಡಿತು.

## ಬಜೆಟ್ ಪುಸ್ತಕದೊಳಗೆ ಇಣುಕುವವರಿಗೆ

ಬ್ಯಾಂಕಲ್ಲಿ ಅಷ್ಟು ದುಡ್ಡಿಟ್ಟುಕೊಂಡು ಕಡಿತ ಅಂತಾರಲ್ಲ?

ಮಧ್ಯಮ ಗಾತ್ರದ ಡಿಸ್ಟ್ರಿಕ್ಟ್ ಕನಿಷ್ಠ ಶೇ 3 ಮೀಸಲು ಇಡಲೇಬೇಕು. ಶೇ 3 ಅಂದರೆ ಹನ್ನೊಂದು ದಿನದ ಖರ್ಚು. ಅದಕ್ಕಿಂತ ಎಷ್ಟೋ ಜಾಸ್ತಿ ಇದ್ದರೆ ನಿಮ್ಮ ಪ್ರಶ್ನೆ ಸರಿ. ಆದರೆ ಮೀಸಲು ಒಂದೇ ಸಲ ಖರ್ಚಾಗುವ ದುಡ್ಡು, ಸಂಬಳ ಪ್ರತಿ ವರ್ಷದ ಖರ್ಚು. ಎರಡು ಮೂರು ವರ್ಷ ಮೀಸಲಿನಿಂದ ಸಂಬಳ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಓಕ್ಲೆಂಡ್ ದೂರವಿಲ್ಲ. 2003ರಲ್ಲಿ ರಾಜ್ಯ 10 ಕೋಟಿ ಡಾಲರ್ ಸಾಲ ಮಂಜೂರು ಮಾಡಿ, ಚುನಾಯಿತ ಬೋರ್ಡಿನ ಅಧಿಕಾರ ಕಿತ್ತುಕೊಂಡು ತನ್ನ ಆಡಳಿತಗಾರರನ್ನು ಕೂರಿಸಿತು.

ಟೀಚರ್‌ಗೆ ಸಂಬಳ ಏರಿಲ್ಲ, ಖರ್ಚು ಮಾತ್ರ ಏರ್ತಾನೇ ಇದೆ. ಎಲ್ಲಿ ಸೋರಿಕೆ?

ಸೋರಿಕೆಗಿಂತ ಜಾಸ್ತಿ ಎರಡು ದೊಡ್ಡ ಖರ್ಚು. ಒಂದು ಪಿಂಚಣಿ. 2014ರ ಕಾನೂನಿನ ಮೊದಲು ಟೀಚರ್ ಸಂಬಳದ ಮೇಲೆ ಶೇ 8.25 ಡಿಸ್ಟ್ರಿಕ್ಟ್ ಕಟ್ಟುತ್ತಿತ್ತು, ಈಗ ಶೇ 19.1. ಈ ಏರಿಕೆ ಟೀಚರ್ ಕೈಗೆ ಹೋಗಲಿಲ್ಲ, ಪಿಂಚಣಿ ನಿಧಿಯ ಹಳೆಯ ಹಳ್ಳ ಮುಚ್ಚಲು ಹೋಯಿತು. ಇನ್ನೊಂದು ವಿಶೇಷ ಶಿಕ್ಷಣ. ಅಂಗವಿಕಲ ಮಕ್ಕಳ ಹಕ್ಕಿನ ಕಾನೂನು 1975ರಲ್ಲಿ ಬಂದಾಗ, ಹೆಚ್ಚುವರಿ ಖರ್ಚಿನಲ್ಲಿ ಶೇ 40ರವರೆಗೆ ಕೊಡುತ್ತೇವೆ ಎಂದು ಕಾಂಗ್ರೆಸ್ ಹೇಳಿತು. ಸಾಮಾನ್ಯ ವರ್ಷದಲ್ಲಿ ಅದರ ಅರ್ಧವೂ ಬಂದಿಲ್ಲ. ಸೇವೆ ಕೊಡಲೇಬೇಕು, ಕೊಡಬೇಕಾದದ್ದೂ ಹೌದು. ಕೊರತೆ ಬಿದ್ದದ್ದನ್ನು ಸಾಮಾನ್ಯ ತರಗತಿಗಳ ದುಡ್ಡಿನಿಂದ ತುಂಬುತ್ತಾರೆ. ಇದನ್ನು ಆ ಮಕ್ಕಳ ಮೇಲೆ ಹೊರಿಸಿ ಮಾತಾಡುವವರು ನಮ್ಮಲ್ಲೂ ಇದ್ದಾರೆ. ಮಾತು ತಪ್ಪಿದ್ದು ವಾಷಿಂಗ್ಟನ್.

ತಮ್ಮ ಆಸ್ಟಿನ್‌ನಲ್ಲಿದ್ದಾನೆ. ಅವನ ಡಿಸ್ಟ್ರಿಕ್ಟ್ ದುಡ್ಡನ್ನ ರಾಜ್ಯವೇ ಕಿತ್ತುಕೊಳ್ಳುತ್ತೆ ಅಂತಾನೆ. ನಿಜಾನಾ?

ನಿಜ. ಟೆಕ್ಸಸ್‌ನಲ್ಲಿ ಆಸ್ತಿ ಜಾಸ್ತಿ ಇರುವ ಡಿಸ್ಟ್ರಿಕ್ಟ್‌ಗಳು ಹೆಚ್ಚಾದ ತೆರಿಗೆಯನ್ನು ರಾಜ್ಯಕ್ಕೆ ಒಪ್ಪಿಸಬೇಕು. ಅಲ್ಲಿನ ಜನ ಇದನ್ನು 'ರಾಬಿನ್ ಹುಡ್' ಅನ್ನುತ್ತಾರೆ, 1993ರಿಂದ ಇದೆ. ಆಸ್ಟಿನ್ ಅತಿ ಹೆಚ್ಚು ಒಪ್ಪಿಸಿದ ಡಿಸ್ಟ್ರಿಕ್ಟ್‌ಗಳಲ್ಲಿ ಒಂದು. ಹಾಜರಿ ಲೆಕ್ಕ ಅಲ್ಲೂ ಉಂಟು.

ಬೋರ್ಡ್ ಮೀಟಿಂಗ್‌ಗೆ ಹೋದ್ರೆ ಎರಡು ನಿಮಿಷ ಮಾತಾಡೋಕೆ ಬಿಡ್ತಾರೆ. ಉಪಯೋಗ ಇದೆಯಾ?

ಯಾವಾಗ ಹೋಗುತ್ತೀರಿ ಅನ್ನುವುದರ ಮೇಲೆ. ಮುಚ್ಚುವ ಶಾಲೆಯ ಪಟ್ಟಿ ವೋಟಿಗೆ ಬಂದ ರಾತ್ರಿ 200 ಜನ ಸಾಲು ನಿಂತರೂ ಬದಲಾಗುವುದು ಕಡಿಮೆ. ಜನವರಿ 10ರ ಹೊತ್ತಿಗೆ ಗವರ್ನರ್ ಬಜೆಟ್ ಪ್ರಸ್ತಾಪ ಬರುತ್ತದೆ, ಮೇ ತಿಂಗಳ ನಡುವಿನಲ್ಲಿ ಅದರ ತಿದ್ದುಪಡಿ, ಜೂನ್ ಮುಗಿಯುವುದರೊಳಗೆ ಡಿಸ್ಟ್ರಿಕ್ಟ್ ತನ್ನ ಬಜೆಟ್ ಒಪ್ಪಬೇಕು. ಜನವರಿ, ಫೆಬ್ರವರಿಯ ಖಾಲಿ ಸಭೆಗಳಲ್ಲಿ ಕೇಳಿದ ಪ್ರಶ್ನೆಗೆ ಸಿಬ್ಬಂದಿ ಕೂತು ಉತ್ತರ ಬರೆಯುತ್ತಾರೆ. ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು ಎಂದು ಸಾರ್ವಜನಿಕ ಸಭೆಗಳ ಬ್ರೌನ್ ಕಾಯ್ದೆ ಹೇಳುತ್ತದೆ. ಶುಕ್ರವಾರ ಸಂಜೆ ನೋಡಿದರೆ ಮಂಗಳವಾರದ ಸಭೆಗೆ ಸಾಕಷ್ಟು ಸಮಯ ಇರುತ್ತದೆ.

ಬಜೆಟ್ ಪುಸ್ತಕ ನೂರಾರು ಪುಟ. ಯಾವ ಪುಟ ನೋಡಿದ್ರೆ ಸಾಕು?

'ಮಲ್ಟಿ-ಇಯರ್ ಪ್ರೊಜೆಕ್ಷನ್' ಅಂತ ಒಂದು ಪಟ್ಟಿ ಇರುತ್ತದೆ: ಈ ವರ್ಷ ಮತ್ತು ಮುಂದಿನ ಎರಡು ವರ್ಷ. ಈ ವರ್ಷದ ಕಾಲಂ ಬಿಟ್ಟು ನೇರ ಮೂರನೆಯದಕ್ಕೆ ಹೋಗಿ. ಆದಾಯಕ್ಕಿಂತ ಖರ್ಚು ಎಷ್ಟು ಜಾಸ್ತಿ, ಆಗ ಮೀಸಲು ಶೇ 3ಕ್ಕಿಂತ ಮೇಲಿರುತ್ತದಾ ನೋಡಿ. ಆಮೇಲೆ ಅದೇ ಪಟ್ಟಿಯ ಅಡಿಯಲ್ಲಿರುವ ಊಹೆಗಳನ್ನು ಓದಿ: ಮಕ್ಕಳ ಸಂಖ್ಯೆ ಎಷ್ಟು ಇಳಿಯುತ್ತದೆ ಅಂದುಕೊಂಡಿದ್ದಾರೆ, ರಾಜ್ಯದ ಹೆಚ್ಚಳ ಎಷ್ಟು ಅಂದುಕೊಂಡಿದ್ದಾರೆ, ಸಂಬಳದ ಒಪ್ಪಂದ ಇನ್ನೂ ಮಾತುಕತೆಯಲ್ಲಿದ್ದರೆ ಅದಕ್ಕೆ ಏನಾದರೂ ಎತ್ತಿಟ್ಟಿದ್ದಾರಾ. ಈ ಮೂರನ್ನು ಸ್ವಲ್ಪ ಆಚೀಚೆ ಮಾಡಿದರೆ ಕೊರತೆ ಕಾಣಿಸಬಹುದು, ಮಾಯವೂ ಆಗಬಹುದು.

ಡಿಸೆಂಬರ್ ಮತ್ತು ಮಾರ್ಚ್‌ನ ಮಧ್ಯಂತರ ವರದಿಯಲ್ಲಿ ಡಿಸ್ಟ್ರಿಕ್ಟ್ ತಾನೇ ಒಂದು ಗುರುತು ಹಾಕಿಕೊಳ್ಳಬೇಕು. 'ಪಾಸಿಟಿವ್' ಅಂದರೆ ಮೂರು ವರ್ಷ ತೂಗಿಸಬಹುದು. 'ಕ್ವಾಲಿಫೈಡ್' ಅಂದರೆ ತೂಗಿಸಲು ಆಗದೇ ಇರಬಹುದು. 'ನೆಗೆಟಿವ್' ಅಂದರೆ ಆಗುವುದಿಲ್ಲ. ಇದನ್ನು ಕೌಂಟಿಯ ಶಿಕ್ಷಣ ಕಚೇರಿ ಪರಿಶೀಲಿಸಿ ಡಿಸ್ಟ್ರಿಕ್ಟ್‌ಗೆ ಪತ್ರ ಬರೆಯುತ್ತದೆ. ಆ ಪತ್ರ ಸಾರ್ವಜನಿಕ ದಾಖಲೆ, ಎರಡು ಮೂರು ಪುಟ, ಬೋರ್ಡ್ ಅಜೆಂಡಾದ ಬಾಲದಲ್ಲಿ ಎಲ್ಲೋ ಅಂಟಿಸಿರುತ್ತಾರೆ. ಇಡೀ ಪುಸ್ತಕಕ್ಕಿಂತ ಮೊದಲು ನಾನು ಓದುವುದು ಅದನ್ನೇ.